ಬಾನಂಗಳದಲ್ಲಿ ಬೆಂಕಿಯ ಓಟ: ನೋಡಬಂದವರಿಗೆ ಕಂಡದ್ದೆಷ್ಟು?

ಕುದುರೆಗಳ ಓಟಕ್ಕೆ ಮೈದಾನವಿದೆ, ಕಾರುಗಳ ಓಟಕ್ಕೆ ಪಥವಿದೆ. ರಾಕೆಟ್ ಎಂಜಿನ್ ಹೊತ್ತ ವಿಮಾನಗಳು ಬಾನಿನಲ್ಲಿ ಪಂದ್ಯಕ್ಕಿಳಿದರೆ ಪ್ರೇಕ್ಷಕ ಎತ್ತ ನೋಡಬೇಕು? ಅಮೆರಿಕದಲ್ಲಿ 2005ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ‘ರಾಕೆಟ್ ರೇಸಿಂಗ್ ಲೀಗ್’ ಎದುರಿಸಿದ ಮೂಲಭೂತ ಪ್ರಶ್ನೆಯೇ ಇದು. ಎಕ್ಸ್ ಪ್ರೈಜ್ ಪ್ರತಿಷ್ಠಾನದ ಪೀಟರ್ ಡಯಮಂಡಿಸ್ ಹಾಗೂ ಕಾರು ಪಂದ್ಯಗಳ ನಂಟಿದ್ದ ಗ್ರೇಂಜರ್ ವೈಟ್‌ಲಾ ಇದರ ರೂವಾರಿಗಳು.

ರಾಕೆಟ್ಟಿನತ್ತ ಜನರ ಸೆಳೆತ ಹೊಸದೇನಲ್ಲ. 1928ರಲ್ಲಿ ಜರ್ಮನಿಯ ಫ್ರಿಟ್ಜ್ ಫಾನ್ ಓಪೆಲ್ ಬರ್ಲಿನ್‌ನ ಆವುಸ್ ಪಥದಲ್ಲಿ ರಾಕೆಟ್ ಕಾರನ್ನು ಗಂಟೆಗೆ 230 ಕಿ.ಮೀ.ಗೂ ಮೀರಿದ ವೇಗದಲ್ಲಿ ಓಡಿಸಿದಾಗ ಸಾವಿರಾರು ಮಂದಿ ನೆರೆದಿದ್ದರು. ಮರುವರ್ಷ ಆತ ರಾಕೆಟ್ ವಿಮಾನವನ್ನೂ ಹಾರಿಸಿದ. ಜನ ನೋಡಬಂದದ್ದು ವೇಗವನ್ನಷ್ಟೇ ಅಲ್ಲ. ಬೆಂಕಿಯನ್ನು, ಗರ್ಜನೆಯನ್ನು, ಮತ್ತು ಒಪ್ಪಿಕೊಳ್ಳಲು ಮುಜುಗರವಾದರೂ ಹೇಳಲೇಬೇಕಾದ ಮಾತೆಂದರೆ, ಅಪಾಯವನ್ನು.

ನಾಲ್ಕೇ ನಿಮಿಷದ ಇಂಧನ

ಜೆಟ್ ಎಂಜಿನ್ ಸುತ್ತಲಿನ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ರಾಕೆಟ್ ತನಗೆ ಬೇಕಾದ ಆಮ್ಲಜನಕವನ್ನೂ ಹೊತ್ತೊಯ್ಯಬೇಕು. ಆದ್ದರಿಂದ ಲೀಗ್‌ನ ವಿಮಾನದಲ್ಲಿ ಎಂಜಿನ್ ಉರಿಯಬಲ್ಲ ಅವಧಿ ಹೆಚ್ಚೆಂದರೆ ಸುಮಾರು ನಾಲ್ಕು ನಿಮಿಷ. ಪೈಲಟ್ ಎಂಜಿನ್ನನ್ನು ಕೆಲವು ಕ್ಷಣ ಹೊತ್ತಿಸಿ, ಆರಿಸಿ, ಉಳಿದಂತೆ ಗ್ಲೈಡರಿನಂತೆ ತೇಲಬೇಕು. ಯಾವ ತಿರುವಿನಲ್ಲಿ ಉರಿಸುವುದು, ಎಲ್ಲಿ ಉಳಿಸುವುದು ಎಂಬ ಲೆಕ್ಕಾಚಾರದಲ್ಲೇ ಪಂದ್ಯದ ಸ್ವಾರಸ್ಯವಡಗಿತ್ತು. ಇಂಧನ ಮುಗಿದವರು ನೆಲಕ್ಕಿಳಿದು ಮತ್ತೆ ತುಂಬಿಸಿಕೊಳ್ಳಬೇಕು. ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ ಆಮ್ಲಜನಕವನ್ನು ಅವಸರದಲ್ಲಿ ತುಂಬಿಸುವುದು ಕಾರಿಗೆ ಪೆಟ್ರೋಲ್ ಹಾಕಿದಷ್ಟು ಸಲೀಸಲ್ಲ.

ತೊಡಕು ಇದ್ದದ್ದು ಬೇರೆಡೆ. ಗಂಟೆಗೆ ನೂರಾರು ಕಿ.ಮೀ. ವೇಗದ ವಿಮಾನ ಕಣ್ಣೆದುರು ಇರುವುದು ಕ್ಷಣಕಾಲ. ಸುರಕ್ಷತೆಗೆಂದು ಅದನ್ನು ಜನರಿಂದ ದೂರವಿಟ್ಟರೆ ಚುಕ್ಕೆಯಂತೆ ಕಾಣುತ್ತದೆ. 1909ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಗ್ಲೆನ್ ಕರ್ಟಿಸ್ ಗೆದ್ದಾಗ ಆತನ ಸರಾಸರಿ ವೇಗ ಗಂಟೆಗೆ ಸುಮಾರು 75 ಕಿ.ಮೀ.; ಅಂದಿನ ಪ್ರೇಕ್ಷಕರಿಗೆ ಈ ಸಮಸ್ಯೆಯೇ ಇರಲಿಲ್ಲ. ಲೀಗ್ ಕಂಡುಕೊಂಡ ಉಪಾಯವೆಂದರೆ ಕಂಪ್ಯೂಟರ್ ಬಿಡಿಸಿದ ಗಗನಪಥ. ಪೈಲಟ್‌ಗೆ ಅದು ಶಿರಸ್ತ್ರಾಣದೊಳಗೆ, ಜನರಿಗೆ ಬೃಹತ್ ಪರದೆಯ ಮೇಲೆ ಕಾಣಬೇಕು. ಹಾಗಿದ್ದರೆ ಟಿಕೆಟ್ ಕೊಂಡು ಬಿಸಿಲಲ್ಲಿ ನಿಲ್ಲುವುದೇಕೆ, ಮನೆಯ ಟಿ.ವಿ. ಸಾಲದೇ? ಈ ಆಕ್ಷೇಪಕ್ಕೆ ಉತ್ತರವಾಗಿ ಉಳಿದದ್ದು ಎದೆ ನಡುಗಿಸುವ ಸದ್ದು ಮತ್ತು ಬಾಲದ ಜ್ವಾಲೆ.

ಅವೆರಡೂ ಜನರ ಮುಂದೆ ಬಂದದ್ದು 2008ರ ಜುಲೈ 29ರಂದು, ವಿಸ್ಕಾನ್ಸಿನ್‌ನ ಆಶ್‌ಕಾಶ್ ವೈಮಾನಿಕ ಮೇಳದಲ್ಲಿ. ಮೂರು ಬಾರಿ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದ ರಿಚರ್ಡ್ ಸರ್‌ಫಾಸ್ ವಿಮಾನ ನಡೆಸಿದರು. 2010ರ ಏಪ್ರಿಲ್‌ನಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ ಮತ್ತೊಂದು ಪ್ರದರ್ಶನ ನಡೆಯಿತು. ಆದರೆ ಎರಡೂ ಪ್ರದರ್ಶನ ಹಾರಾಟಗಳೇ. ಸೋಲು-ಗೆಲುವಿನ ಒಂದು ಪಂದ್ಯವೂ ನಡೆಯದೆ ಲೀಗ್ ತೆರೆಮರೆಗೆ ಸರಿಯಿತು.

ರೀನೋ ದುರಂತ

ಪ್ರೇಕ್ಷಕರನ್ನು ಹತ್ತಿರ ಕೂರಿಸುವ ಬೆಲೆ ಏನೆಂಬುದು 2011ರ ಸೆಪ್ಟೆಂಬರ್ 16ರಂದು ನೆವಾಡದ ರೀನೋದಲ್ಲಿ ತಿಳಿಯಿತು. ಅಲ್ಲಿನ ಪ್ರಸಿದ್ಧ ಪಂದ್ಯದಲ್ಲಿ ‘ಗ್ಯಾಲಪಿಂಗ್ ಗೋಸ್ಟ್’ ವಿಮಾನ ಪ್ರೇಕ್ಷಕರ ಆವರಣದ ಮೇಲೆಯೇ ಅಪ್ಪಳಿಸಿ, ಪೈಲಟ್ ಸೇರಿ 11 ಮಂದಿ ಮೃತಪಟ್ಟರು. ಅದು ಪಿಸ್ಟನ್ ಎಂಜಿನ್ನಿನ ವಿಮಾನವಾಗಿತ್ತು. ಅದರ ಜಾಗದಲ್ಲಿ ಸೀಮೆಎಣ್ಣೆಯನ್ನೋ ಆಲ್ಕೋಹಾಲನ್ನೋ ದ್ರವ ಆಮ್ಲಜನಕದ ಜತೆ ಹೊತ್ತ ಯಂತ್ರವಿದ್ದಿದ್ದರೆ ಎಂದು ಊಹಿಸಲೂ ಭಯವಾಗುತ್ತದೆ.

ಲೀಗ್‌ನ ಮೊದಲ ಎಂಜಿನ್ ರೂಪಿಸಿದ್ದ ಎಕ್ಸ್‌ಕಾರ್ ಸಂಸ್ಥೆ 2017ರಲ್ಲಿ ದಿವಾಳಿಯಾಯಿತು. ನಂತರದ ಎಂಜಿನ್ ಒದಗಿಸಿದ್ದ ಆರ್ಮಡಿಲೋ ಏರೋಸ್ಪೇಸ್ ಅದಕ್ಕೂ ಮುನ್ನ, 2013ರಲ್ಲೇ ಕೆಲಸ ನಿಲ್ಲಿಸಿತ್ತು.