ಲಾರಿ ಪ್ಲೇಟಿನ ಕತ್ತಿ, ಒಂದು ಒಡೆದದ್ದು, ಒಂದು ಉಳಿದದ್ದು

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಪೇಟೆಯಿಂದ ಒಂದು ಕತ್ತಿ ತಂದೆ. ನೋಡಲು ಬಹಳ ಚೆಂದ. ಮಿಂಚುವ ಅಲಗು, ವಾರ್ನಿಶ್ ಬಳಿದ ಹಿಡಿ. ಮೂರನೇ ದಿನ ಒಣಗಿದ ಹಲಸಿನ ಗೆಲ್ಲು ಕಡಿಯುವಾಗ ಬಾಯಿ ಮಡಚಿಹೋಯ್ತು. ಸಾಣೆ ಹಿಡಿಸಿದೆ, ಮತ್ತೆ ಮಡಚಿತು. ಹಾಗೇ ಬಳಸುತ್ತಿದ್ದಾಗ ಒಂದು ದಿನ ಅದು ಮರಕ್ಕೆ ಕಚ್ಚದೆ ಜಾರಿ, ತೋಟದ ಕೆಲಸಕ್ಕೆ ಬರುವವರ ಮೊಣಕಾಲಿನ ಕೆಳಗೆ ತಾಗಿತು. ಆರು ಹೊಲಿಗೆ. ಆ ದಿನ ಸಂಜೆಯೇ ನಾನು ಪಕ್ಕದ ಊರಿನ ಆಚಾರ್ರ ಕುಲುಮೆಗೆ ಹೋದದ್ದು.

ಹೋಗುವಾಗ ಕೈಯಲ್ಲಿ ಒಂದು ಹಳೇ ರೈಲು ಮೊಳೆ ಇತ್ತು. ಮರದ ಸ್ಲೀಪರಿನ ಕಾಲದ್ದು, ಅಜ್ಜನ ಕಾಲದಿಂದ ಅಟ್ಟದಲ್ಲಿ ಬಿದ್ದಿದ್ದದ್ದು. ಅಮೆರಿಕದಲ್ಲಿ ಹವ್ಯಾಸಕ್ಕೆ ಕಮ್ಮಾರಿಕೆ ಮಾಡುವವರು ಇಂಥ ಮೊಳೆಯನ್ನೇ ಕಾಯಿಸಿ, ತಟ್ಟಿ, ಕಣ್ಣು ತೂತು ಮಾಡಿ ಟೊಮಾಹಾಕ್ ಎಂಬ ಕೈಗೊಡಲಿ ಮಾಡುತ್ತಾರಂತೆ ಎಂದು ಅಳಿಯ ಹೇಳಿದ್ದ. ಆಚಾರ್ರು ಮೊಳೆಯನ್ನು ಸಾಣೆ ಚಕ್ರಕ್ಕೆ ಮುಟ್ಟಿಸಿದರು. ಕಿಡಿ ಉದ್ದಕ್ಕೆ ಹಾರಿತು, ಆದರೆ ತುದಿಯಲ್ಲಿ ಹೆಚ್ಚು ಕವಲೊಡೆಯಲಿಲ್ಲ. "ಇದು ಮೆದು ಭಟ್ರೇ. ಗೋಡೆಗೆ ನೇತುಹಾಕ್ಲಿಕ್ಕೆ ಆದೀತು" ಎಂದರು.

ವಿಷಯ ಇರುವುದು ಇಂಗಾಲದಲ್ಲಿ. ಕಟ್ಟಡಕ್ಕೆ ಹಾಕುವ ಸಾದಾ ಸರಳಿನಲ್ಲಿ ಇಂಗಾಲ ಶೇ. 0.2ರ ಆಸುಪಾಸು. ರೈಲು ಮೊಳೆಯಲ್ಲಿ, ಹೆಚ್ಚು ಇಂಗಾಲದ್ದು ಎಂದು ತಲೆಯ ಮೇಲೆ ಗುರುತು ಒತ್ತಿದ್ದರೂ, ಶೇ. 0.3ರ ಹತ್ತಿರ. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಶೇ. 0.5ರಿಂದ 0.6. ಈ ಸಣ್ಣ ವ್ಯತ್ಯಾಸವೇ ಕತ್ತಿಗೆ ಹದ ಕೂರುವುದಕ್ಕೂ ಕೂರದಿರುವುದಕ್ಕೂ ಕಾರಣ. ಇಂಗಾಲ ಸಾಲದ ಕಬ್ಬಿಣವನ್ನು ಎಷ್ಟು ಸಲ ಕಾಯಿಸಿ ಅದ್ದಿದರೂ ಬಾಯಿ ನಿಲ್ಲುವಷ್ಟು ಗಟ್ಟಿಯಾಗುವುದಿಲ್ಲ. ನನ್ನ ಪೇಟೆ ಕತ್ತಿಯ ಕಿಡಿಯೂ ಹಾಗೇ ಬಂತು. ಇನ್ನೊಂದು ಮಾತು: ಮೊಳೆ, ಕ್ಲಿಪ್ಪು ಎಂದು ಹಳಿಯ ಬದಿಯಿಂದ ಹೆಕ್ಕಿ ತರಬೇಡಿ. ಅದಕ್ಕೆ 1966ರ ಕಾಯಿದೆಯೇ ಇದೆ, ಜೈಲಿನ ವಿಷಯ.

ಗುಜರಿಯಲ್ಲಿ ಲಾರಿ ಪ್ಲೇಟು ತೂಕದ ಲೆಕ್ಕದಲ್ಲಿ ಸಿಗುತ್ತದೆ. ದಪ್ಪದ್ದು ಬೇಡ, ತಟ್ಟುವುದರಲ್ಲೇ ಇದ್ದಿಲು ಮುಗಿಯುತ್ತದೆ. ಜೀಪು, ಪಿಕಪ್ಪಿನ ತೆಳು ಪ್ಲೇಟಾದರೆ ಒಳ್ಳೆಯದು. ಸೆಂಟರ್ ಬೋಲ್ಟಿನ ತೂತಿನ ಬದಿಯ ಭಾಗ ಬಿಡಬೇಕು. ವರ್ಷಗಟ್ಟಲೆ ಕುಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುವುದು ಹೆಚ್ಚಾಗಿ ಅಲ್ಲಿಯೇ. ಆಚಾರ್ರು ತುಂಡನ್ನು ನೂಲಿನಲ್ಲಿ ತೂಗಿ ಸುತ್ತಿಗೆಯಿಂದ ಮೆಲ್ಲನೆ ಬಡಿಯುತ್ತಾರೆ. ಗಂಟೆಯಂತೆ ಕೇಳಬೇಕು, ಒಡಕು ಮಡಕೆಯಂತೆ ಕೇಳಿದರೆ ಪಕ್ಕಕ್ಕೆ.

ಕುಲುಮೆ ಯಾಕೆ ಯಾವಾಗಲೂ ಕತ್ತಲೆ ಎಂದು ನನಗೆ ಅಂದೇ ಗೊತ್ತಾದದ್ದು. ಕಾವನ್ನು ಅಳೆಯುವುದು ಬಣ್ಣದಲ್ಲಿ, ಬಿಸಿಲಿನಲ್ಲಿ ಬಣ್ಣ ಕಾಣುವುದಿಲ್ಲ. ಗೆರಟೆ ಇದ್ದಿಲಿನಲ್ಲಿ ಪ್ಲೇಟು ಕಿತ್ತಳೆ ಬಣ್ಣಕ್ಕೆ ಬಂದಾಗ ತಟ್ಟಬೇಕು, ಮಂಕು ಕೆಂಪಿಗೆ ಇಳಿದರೆ ಮತ್ತೆ ಬೆಂಕಿಗೆ. ತಣಿದದ್ದನ್ನು ತಟ್ಟಿದರೆ ಒಳಗೆ ಬಿರುಕು ಹುಟ್ಟುತ್ತದೆ. ಅತಿಯಾಗಿ ಕಾಯಿಸಿ ಮತಾಪಿನಂತೆ ಕಿಡಿ ಸಿಡಿಯತೊಡಗಿದರೆ ಉಕ್ಕು ಸುಟ್ಟುಹೋಯಿತೆಂದೇ ಲೆಕ್ಕ, ಆ ಭಾಗ ಕಡಿದು ಬಿಸಾಡಬೇಕು. ಆಕಾರ ಬಂದ ಮೇಲೆ ಎರಡು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ತಣಿಯಲು ಬಿಟ್ಟರು. ತಟ್ಟಿದ ಬಿಗಿ ಹೋಗಬೇಕಂತೆ.

ಇಲ್ಲಿ ನನ್ನ ಬುದ್ಧಿವಂತಿಕೆ ಅಡ್ಡ ಬಂತು. ಅವರು ಎಣ್ಣೆಯ ಡಬ್ಬಿ ಹತ್ತಿರ ಎಳೆಯುವಾಗ "ನೀರಿಗೇ ಹಾಕಿ ಆಚಾರ್ರೇ, ಇನ್ನೂ ಗಟ್ಟಿಯಾಗ್ಲಿ" ಎಂದೆ. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ, ನೀರಿಗೆ ಅದ್ದಿದರು. 'ಟಿಕ್' ಎಂದು ಸಣ್ಣ ಶಬ್ದ. ಬಾಯಿಯಿಂದ ಬೆನ್ನಿನವರೆಗೆ ಕೂದಲೆಳೆಯಂಥ ಬಿರುಕು. ಅರ್ಧ ದಿನದ ಕೆಲಸ ಹೋಯ್ತು. "ಇದು ನೀರು ತಡಿಯುದಿಲ್ಲ ಭಟ್ರೇ, ಎಣ್ಣೆಯ ಉಕ್ಕು" ಎಂದು ಆಮೇಲೆ ಹೇಳಿದರು. ಮೊದಲೇ ಹೇಳಬಹುದಿತ್ತಲ್ಲ ಎಂದರೆ ನಕ್ಕರು. ಮಜೂರಿ ಎರಡಕ್ಕೂ ಕೊಟ್ಟೆ.

ಎರಡನೆಯದನ್ನು ಅವರ ಕ್ರಮದಲ್ಲೇ ಮಾಡಿದರು. ಅಲಗು ಸಮನಾಗಿ ಕೆಂಪಾದಾಗ ಹಳೇ ಸ್ಪೀಕರಿನ ಅಯಸ್ಕಾಂತ ಹತ್ತಿರ ತರುತ್ತಾರೆ. ಸುಮಾರು 770 ಡಿಗ್ರಿ ಸೆಂಟಿಗ್ರೇಡು ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟದೆ ಹೋದ ಮೇಲೆ ಇನ್ನೊಂದು ಚೂರು ಕಾಯಿಸಿ, ಬಾಯಿಯನ್ನು ಮಾತ್ರ ಒಂದಿಂಚು ಎಣ್ಣೆಗೆ ಇಳಿಸಿದರು. ಎಣ್ಣೆ ಹೋಟೆಲಿನಲ್ಲಿ ಕರಿದು ಉಳಿದದ್ದು, ಸ್ವಲ್ಪ ಬೆಚ್ಚಗೆ ಮಾಡಿದ್ದು. ಇಂಜಿನ್ ಆಯಿಲ್ ಹೊಗೆ ಎದೆಗೆ ಒಳ್ಳೆಯದಲ್ಲ. ಎಣ್ಣೆ ಭುಗ್ಗೆಂದು ಹೊತ್ತಿಕೊಳ್ಳುವುದುಂಟು, ಮುಚ್ಚಲು ತಗಡು ಪಕ್ಕದಲ್ಲೇ ಇರಬೇಕು. ನೀರು ಎರಚಬಾರದು.

ಈಗ ಬಾಯಿ ಗಾಜಿನಂತೆ: ಅರ ಜಾರುತ್ತದೆ, ಕಲ್ಲಿಗೆ ತಾಗಿದರೆ ಚಕ್ಕೆ ಏಳುತ್ತದೆ. ಬೆನ್ನಿನಲ್ಲಿ ಕಾವು ಇನ್ನೂ ಇರುತ್ತದೆ. ಎಣ್ಣೆ ಒರೆಸಿ, ಮರಳುಕಲ್ಲಿನ ತುಂಡಿನಿಂದ ಬೇಗ ಉಜ್ಜಿ ಬೆಳ್ಳಗೆ ಮಾಡಿ, ನೋಡುತ್ತಾ ನಿಲ್ಲಬೇಕು. ಬೆನ್ನಿನಿಂದ ಬಾಯಿಯ ಕಡೆಗೆ ಬಣ್ಣ ಹರಿದು ಬರುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ. ಹಳದಿಯೆಂದರೆ ಸುಮಾರು 230 ಡಿಗ್ರಿ, ನೀಲಿಯೆಂದರೆ 300ರ ಹತ್ತಿರ. ಸೌದೆ, ಗೆಲ್ಲು ಕಡಿಯುವ ಕತ್ತಿಗೆ ಬಾಯಿಯಲ್ಲಿ ಕಂದು ಹೋಗಿ ನೇರಳೆ ಇಣುಕುವಾಗ ಪೂರ್ತಿ ಅದ್ದಿಬಿಡಬೇಕು. ಬರೀ ಸೊಪ್ಪು ಕೊಯ್ಯುವುದಕ್ಕಾದರೆ ಕಂದಿಗೇ ನಿಲ್ಲಿಸಬಹುದು. ಇದೆಲ್ಲ ನಡೆಯುವುದು ಒಂದೆರಡು ನಿಮಿಷದಲ್ಲಿ, ಆ ಹೊತ್ತಿಗೆ ಆಚಾರ್ರನ್ನು ಮಾತಾಡಿಸಬೇಡಿ.

ಪ್ಲೇಟಿಗೆ 120 ರೂಪಾಯಿ, ಮಜೂರಿ 500. ಹಿಡಿ ಮನೆಯ ಹುಣಸೆ ಮರದ್ದು, ಅರಗು ಹಾಕಿ ಕೂರಿಸಿದೆ. ಹತ್ತು ತಿಂಗಳಾಯ್ತು, ಬಾಯಿ ಮಡಚಿಲ್ಲ, ಚಕ್ಕೆ ಎದ್ದಿಲ್ಲ. ಒಂದು ಜಾಗ್ರತೆ ಮಾತ್ರ: ಮೋಟಾರ್ ಸಾಣೆಗೆ ಒತ್ತಿ ಹಿಡಿದು ಬಾಯಿ ನೀಲಿಯಾದರೆ ಹದ ಅಲ್ಲಿಗೇ ಹೋಯಿತು. ನೀರಲ್ಲಿ ಅದ್ದಿ ಅದ್ದಿ ಹಿಡಿಯಬೇಕು, ಇಲ್ಲವೇ ಕೈಕಲ್ಲೇ ಸಾಕು.

ಆಚಾರ್ರ ಮಗ ಪೇಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಇವರು ಈಗ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕುಲುಮೆ ಹೊತ್ತಿಸುತ್ತಾರೆ. ಒಂದೇ ಕತ್ತಿಗೆಂದು ಹೋದರೆ ಇದ್ದಿಲು ದಂಡ. ನಾವು ನೆರೆಕರೆಯ ನಾಲ್ಕು ಮನೆಯವರು ಹಾರೆ, ಪಿಕ್ಕಾಸು, ಕೊಡಲಿ ಎಲ್ಲ ಒಟ್ಟು ಮಾಡಿ, ಗೆರಟೆ ಇದ್ದಿಲು ನಾವೇ ಸುಟ್ಟು ಒಯ್ಯುತ್ತಿದ್ದೇವೆ.