ಇದ್ದೂ ಸಿಕ್ಕದ ಕ್ಲಾಸು

ಜಾವಾ ಭಾಷೆಯನ್ನು ಈಚೆಗೆ ಕಲಿತ ವಿದ್ಯಾರ್ಥಿಯೊಬ್ಬನು ಮೈನ್‌ಕ್ರಾಫ್ಟ್ ಆಟದ ಸರ್ವರಿಗೆ ಒಂದು ಪ್ಲಗಿನ್ ರಚಿಸಿದನೆಂದು ಭಾವಿಸೋಣ. ಪ್ಲಗಿನ್ ಎಂದರೆ ದೊಡ್ಡ ಪ್ರೋಗ್ರಾಮಿಗೆ ಹೊರಗಿನಿಂದ ತಗುಲಿಸುವ ಸಣ್ಣ ಪ್ರೋಗ್ರಾಮು; ಅದು ತಾನಾಗಿಯೇ ನಡೆಯಲಾರದು. ಆಟಗಾರರು ಗಳಿಸಿದ ನಾಣ್ಯಗಳ ಲೆಕ್ಕವಿಡುವುದು ಈ ಪ್ಲಗಿನ್ನಿನ ಕೆಲಸ. ಕಂಪೈಲರ್ ಒಂದು ತಪ್ಪನ್ನೂ ತೋರಿಸದೆ ಅದನ್ನು ಒಪ್ಪಿಕೊಂಡಿತು. ಸರ್ವರಿನಲ್ಲಿಟ್ಟರೆ ಸರಾಗವಾಗಿ ನಡೆಯಿತು. ಆದರೆ ಲೆಕ್ಕ ಸರಿಯೆ ಎಂದು ನೋಡಲು ಬರೆದ ಯೂನಿಟ್ ಟೆಸ್ಟನ್ನು ಓಡಿಸಿದೊಡನೆ ‘ನೋ ಕ್ಲಾಸ್ ಡೆಫ್ ಫೌಂಡ್ ಎರರ್’ ಎಂದು ಯಂತ್ರವು ಕೈಚೆಲ್ಲಿತು. ಪ್ಲಗಿನ್ನಿಗೆ ಆಧಾರವಾದ ‘ಜಾವಾಪ್ಲಗಿನ್’ ಎಂಬ ಕ್ಲಾಸಿನ ವಿವರಣೆಯೇ ಸಿಕ್ಕಲಿಲ್ಲವಂತೆ!

ಕಂಪೈಲರಿಗೆ ಆಗತಾನೆ ಕಂಡಿದ್ದುದು ಮರುಗಳಿಗೆಯಲ್ಲಿ ಮಾಯವಾದುದು ಹೇಗೆ? ಬಹುಮಂದಿ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಸರ್ವರಿನಲ್ಲಿ ನಡೆಯುತ್ತಿದೆಯಷ್ಟೆ ಎಂದು ಟೆಸ್ಟನ್ನೇ ಕೈಬಿಡುತ್ತಾರೆ. ಅಂದಿನಿಂದ ಲೆಕ್ಕದ ತಪ್ಪುಗಳನ್ನು ಹುಡುಕುವ ಭಾರವು ನಾಣ್ಯ ಕಳೆದುಕೊಂಡ ಆಟಗಾರರ ಪಾಲಿಗೆ ಬೀಳುತ್ತದೆ.

ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಿಂದ ಹೊರಬಂದಿತು. ಇದರಲ್ಲಿ ಪ್ರತಿಯೊಂದು ಕ್ಲಾಸೂ ಕಂಪೈಲಾದ ಮೇಲೆ ಬೇರೆಯೇ ಕಡತವಾಗಿ ಉಳಿಯುತ್ತದೆ. ಕ್ಲಾಸುಗಳನ್ನು ಒಂದಕ್ಕೊಂದು ಜೋಡಿಸುವ ಕಾರ್ಯ ನಡೆಯುವುದು ಪ್ರೋಗ್ರಾಮು ಓಡುತ್ತಿರುವಾಗ. ಅದೂ ಆಯಾ ಕ್ಲಾಸಿನ ಅಗತ್ಯ ಬಿದ್ದಾಗ. ತಂದುಕೊಡುವ ಹೊಣೆ ‘ಕ್ಲಾಸ್ ಲೋಡರ್’ ಎಂಬ ಅಂಗದ್ದು. ಅದು ಸಾಮಾನ್ಯವಾಗಿ ಮೊದಲು ತನ್ನ ಮೇಲಿನ ಲೋಡರನ್ನು ಕೇಳುತ್ತದೆ. ಅಲ್ಲಿ ಸಿಕ್ಕದಿದ್ದರೆ ತನಗೆ ಗೊತ್ತುಮಾಡಿದ ಸ್ಥಳಗಳಲ್ಲಿ ಹುಡುಕುತ್ತದೆ. ಡಿಸ್ಕಿನ ಮೂಲೆಮೂಲೆಯನ್ನು ಅದು ಶೋಧಿಸುವುದಿಲ್ಲ. ಆದುದರಿಂದ ಕ್ಲಾಸು ಯಂತ್ರದಲ್ಲಿ ಎಲ್ಲಿಯೋ ಇದೆಯೆಂಬುದು ಸಾಲದು. ಈ ಸಲ ಹುಡುಕುವ ಲೋಡರ್ ಯಾವುದು, ಅದಕ್ಕೆ ಕೊಟ್ಟ ಸ್ಥಳಗಳ ಪಟ್ಟಿ ಯಾವುದು ಎಂಬುದೇ ಮುಖ್ಯ.

ಮದುವೆಯ ಅಡಿಗೆಯವರನ್ನು ನೆನೆಯಿರಿ. ಅವರು ಸೌಟುಗಳನ್ನು ಮಾತ್ರ ತಂದು, ಕೊಪ್ಪರಿಗೆ, ಒಲೆಗಳನ್ನು ಮದುವೆಯ ಮನೆಯಿಂದ ಪಡೆಯುವವರೆನ್ನೋಣ. ಪ್ಲಗಿನ್ನೂ ಹಾಗೆಯೇ. ‘ಜಾವಾಪ್ಲಗಿನ್’ ಮೊದಲಾದವು ಸರ್ವರಿನ ಸೊತ್ತು. ಈ ಕಾರಣದಿಂದಲೇ ಗ್ರೇಡಲ್ ಎಂಬ ನಿರ್ಮಾಣ ಸಾಧನವನ್ನು ಬಳಸುವವರು ಅವುಗಳನ್ನು ‘ಕಂಪೈಲ್ ಓನ್ಲಿ’ ಎಂದು ನಮೂದಿಸುತ್ತಾರೆ: ಕಂಪೈಲ್ ಮಾಡುವಾಗ ತೋರಿಸು, ಕೊಂಡೊಯ್ಯಬೇಡ ಎಂದರ್ಥ. ಯೂನಿಟ್ ಟೆಸ್ಟ್ ನಡೆಯುವಾಗ ಮದುವೆಯ ಮನೆಯೇ ಇಲ್ಲ! ಕಂಪೈಲರ್ ತನ್ನ ಕೆಲಸ ಮುಗಿಸಿ ಹೋಗಿದೆ, ಸರ್ವರ್ ಬಂದಿಲ್ಲ. ನಡುವೆ ನಿಂತ ಟೆಸ್ಟಿಗೆ ಕೊಪ್ಪರಿಗೆ ಕೊಡುವವರಾರು? ‘ಟೆಸ್ಟ್ ಇಂಪ್ಲಿಮೆಂಟೇಶನ್’ ಎಂಬ ಇನ್ನೊಂದು ಸಾಲಿನಲ್ಲಿ ಅದೇ ಗ್ರಂಥಾಲಯವನ್ನು ಟೆಸ್ಟಿಗಾಗಿಯೂ ನಮೂದಿಸಿದರೆ ಕ್ಲಾಸು ಸಿಕ್ಕುತ್ತದೆ. ಮೇವೆನ್ ಎಂಬ ಸಾಧನದ ‘ಪ್ರೊವೈಡೆಡ್’ ಎಂಬ ನಮೂದು ಟೆಸ್ಟಿಗೂ ಅನ್ವಯಿಸುವುದರಿಂದ ಅಲ್ಲಿ ಈ ತೊಡಕಿಲ್ಲ. ಮೇವೆನ್ನಿನಿಂದ ಗ್ರೇಡಲ್ಲಿಗೆ ಬಂದವರು ಬೆರಗಾಗುವುದು ಇದರಿಂದಲೇ.

ಅವಸರದವರು ‘ಕಂಪೈಲ್ ಓನ್ಲಿ’ಯನ್ನು ಅಳಿಸಿ, ಎಲ್ಲ ಕಾಲಕ್ಕೂ ಸಲ್ಲುವ ‘ಇಂಪ್ಲಿಮೆಂಟೇಶನ್’ ಎಂದು ತಿದ್ದುವುದುಂಟು. ಟೆಸ್ಟ್ ನಡೆಯುತ್ತದೆ, ನಿಜ. ಆದರೆ ಅವಲಂಬನೆಗಳನ್ನೆಲ್ಲ ಒಂದೇ ಕಡತದಲ್ಲಿ ಕಟ್ಟುವ ಪದ್ಧತಿಯಿದ್ದರೆ ಸರ್ವರಿನ ಕ್ಲಾಸುಗಳೂ ಪ್ಲಗಿನ್ನಿನೊಳಗೆ ಸೇರಿಕೊಳ್ಳುತ್ತವೆ. ಹೆಸರು ಒಂದೇ ಆದರೂ ಎರಡು ಲೋಡರುಗಳು ಬೇರೆಬೇರೆಯಾಗಿ ತಂದ ಕ್ಲಾಸುಗಳು ಜಾವಾದ ದೃಷ್ಟಿಯಲ್ಲಿ ಬೇರೆ ಬೇರೆ. ಒಂದರ ಸ್ಥಾನದಲ್ಲಿ ಮತ್ತೊಂದು ಸಲ್ಲದು. ಪ್ಲಗಿನ್ನಿನ ಪ್ರತಿಯನ್ನೇ ಮೊದಲು ನೋಡುವ ವ್ಯವಸ್ಥೆಗಳಲ್ಲಿ ಹೊಸ ಕಷ್ಟವೊಂದು ತಲೆದೋರುತ್ತದೆ. ಈ ಚಿಕಿತ್ಸೆಯನ್ನು ನಾವು ಮೆಚ್ಚಲಾರೆವು.

ಅದೇ ದೋಷಕ್ಕೆ ಇನ್ನೊಂದು ವೇಷವುಂಟು. ಸಂದೇಶದಲ್ಲಿ ‘ಕುಡ್ ನಾಟ್ ಇನಿಷಿಯಲೈಜ್ ಕ್ಲಾಸ್’ ಎಂದಿದ್ದರೆ ಕ್ಲಾಸು ಕಳೆದುಹೋಗಿಲ್ಲವೆಂದೇ ತಿಳಿಯಬೇಕು. ಅದು ಸಿಕ್ಕಿದೆ, ತನ್ನ ಸ್ಟ್ಯಾಟಿಕ್ ಬೆಲೆಗಳನ್ನು ಸಿದ್ಧಪಡಿಸಿಕೊಳ್ಳುವಾಗ ಮುಗ್ಗರಿಸಿದೆ. ಅಂತಹ ಬೆಲೆಯೊಂದು ಸರ್ವರನ್ನು ಏನಾದರೂ ಕೇಳುವುದೆನ್ನಿ. ಟೆಸ್ಟಿನಲ್ಲಿ ಸರ್ವರ್ ಇರುವ ಸ್ಥಾನ ಬರಿದು. ಮೊದಲನೆಯ ಟೆಸ್ಟಿನಲ್ಲಿ ‘ಎಕ್ಸೆಪ್ಶನ್ ಇನ್ ಇನಿಷಿಯಲೈಜರ್ ಎರರ್’ ಬರುತ್ತದೆ. ಆ ಕ್ಲಾಸನ್ನು ಅನಂತರ ಮುಟ್ಟಿದ ಟೆಸ್ಟುಗಳೆಲ್ಲ ‘ನೋ ಕ್ಲಾಸ್ ಡೆಫ್ ಫೌಂಡ್’ ಎಂದು ದೂರುತ್ತವೆ. ಕಟ್ಟಕಡೆಯ ದೂರನ್ನೋದಿ ಗ್ರಂಥಾಲಯಗಳನ್ನು ಎಷ್ಟು ಸೇರಿಸಿದರೂ ಫಲವಿಲ್ಲ. ಮೇಲಕ್ಕೆ ಸರಿದು ಮೊದಲ ದೂರನ್ನು ಓದಬೇಕು; ಅಲ್ಲಿ ‘ಕಾಸ್ಡ್ ಬೈ’ ಎಂದು ಆರಂಭವಾಗುವ ಸಾಲುಗಳಲ್ಲಿ ನಿಜವಾದ ಕಾರಣವಿರುತ್ತದೆ.

ವಿದ್ಯುನ್ಮಂಡಲದಲ್ಲಿ ದೀಪ ಹೊತ್ತದಿದ್ದರೆ ವೋಲ್ಟೇಜು ಎಲ್ಲಿಯವರೆಗೆ ಬಂದಿದೆಯೆಂದು ಅಳೆಯುತ್ತೇವೆ. ಜಾವಾದಲ್ಲಿಯೂ ಇಂತಹ ಮಾಪಕವೊಂದಿದೆ. ‘ವರ್ಬೋಸ್ ಕ್ಲಾಸ್’ ಎಂಬ ಆಯ್ಕೆಯೊಡನೆ ಪ್ರೋಗ್ರಾಮನ್ನು ಓಡಿಸಿದರೆ ಯಾವ ಕ್ಲಾಸು ಯಾವ ಕಡತದಿಂದ ಬಂದಿತೆಂಬುದನ್ನು ಯಂತ್ರವು ಸಾಲುಸಾಲಾಗಿ ಬರೆದು ತೋರಿಸುತ್ತದೆ. ಸಾವಿರಾರು ಸಾಲುಗಳಾಗಬಹುದು, ನಮಗೆ ಬೇಕಾದ ಹೆಸರು ಆ ಪಟ್ಟಿಯಲ್ಲಿ ಉಂಟೆ, ಇಲ್ಲವೆ ಎಂಬುದನ್ನಷ್ಟೆ ನೋಡಿದರಾಯಿತು. ಹೆಸರಿದ್ದರೆ ತಪ್ಪು ಬೇರೆಡೆ ಇದೆ.

ಕ್ಲಾಸು ಸಿಕ್ಕಿದ ಮೇಲೂ ನಮ್ಮ ವಿದ್ಯಾರ್ಥಿಗೆ ಒಂದು ತಡೆ ಎದುರಾಗುತ್ತದೆ. ಮೈನ್‌ಕ್ರಾಫ್ಟ್ ಸರ್ವರುಗಳ ಬುಕ್ಕಿಟ್ ವ್ಯವಸ್ಥೆಯಲ್ಲಿ ‘ಜಾವಾಪ್ಲಗಿನ್’ ತನ್ನನ್ನು ತಂದ ಲೋಡರ್ ಯಾವುದೆಂದು ಹುಟ್ಟುವಾಗಲೇ ವಿಚಾರಿಸುತ್ತದೆ. ಪ್ಲಗಿನ್ನುಗಳಿಗಾಗಿಯೇ ಇರುವ ಲೋಡರ್ ಅಲ್ಲವಾದರೆ ಒಡನೆಯೇ ತಿರಸ್ಕರಿಸುತ್ತದೆ. ಇದಕ್ಕಾಗಿ ಮಾಕ್‌ಬುಕ್ಕಿಟ್ ಎಂಬ ಅಣಕು ಸರ್ವರನ್ನು ಬಳಸಬಹುದು. ಅದಕ್ಕಿಂತಲೂ ನಮಗೆ ಹಿತವಾಗಿ ಕಾಣುವ ಮಾರ್ಗವೊಂದುಂಟು. ನಾಣ್ಯಗಳನ್ನು ಕೂಡಿಸಿ ಕಳೆಯುವ ಭಾಗವನ್ನು ಸರ್ವರಿನ ಹೆಸರೆತ್ತದ ಸ್ವತಂತ್ರ ಕ್ಲಾಸಾಗಿ ಬೇರ್ಪಡಿಸಿ, ಟೆಸ್ಟುಗಳನ್ನು ಅದರ ಮೇಲೆ ನಡೆಸುವುದು. ಕೂಡುವುದಕ್ಕೂ ಕಳೆಯುವುದಕ್ಕೂ ಸರ್ವರ್ ಬೇಕಿಲ್ಲವಷ್ಟೆ. ಪ್ಲಗಿನ್ನಿನ ಹೊರಮೈಯಲ್ಲಿ ಆಗ ಉಳಿಯುವುದು ಕೆಲವೇ ಸಾಲುಗಳು. ಅವುಗಳನ್ನು ಸರ್ವರಿನಲ್ಲಿಯೇ ನಡೆಸಿ ನೋಡಬಹುದು.