ಯೋಧನ ಮನೆ ಬಾಗಿಲಲ್ಲಿ ಅಜ್ಜ–ಅಜ್ಜಿ

ಮಕ್ಕಳೇ, ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಭೂಸೇನೆಯ ಒಬ್ಬ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಒಟ್ಟು 90. ವರ್ಷದ 365 ದಿನಗಳಲ್ಲಿ 90 ಕಳೆಯಿರಿ. ಉಳಿದದ್ದು 275. ಎಲ್ಲ ರಜೆಯೂ ಸಿಕ್ಕಿತು, ಎಲ್ಲವನ್ನೂ ಊರಲ್ಲೇ ಕಳೆದ ಎಂದುಕೊಂಡರೂ, ಊರಲ್ಲಿ ಸಂಸಾರ ಬಿಟ್ಟ ಸೈನಿಕನ ಮನೆಯಲ್ಲಿ 275 ದಿನ ಅಪ್ಪ ಇರುವುದಿಲ್ಲ.

ಆ 275 ದಿನಗಳಲ್ಲಿ ಮಗುವಿಗೆ ಜ್ವರ ಬರುತ್ತದೆ. ಶಾಲೆಯಲ್ಲಿ ಪೋಷಕರ ಸಭೆ ಇರುತ್ತದೆ. ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆ. ಅತ್ತೆಯ ಕಣ್ಣಿಗೆ ಪೊರೆ ಬರುತ್ತದೆ. ಇದನ್ನೆಲ್ಲ ಒಬ್ಬಳೇ ಹೆಣ್ಣುಮಗಳು ನಿಭಾಯಿಸಬೇಕು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ನಾವೆಲ್ಲ ಸೈನಿಕರಿಗೆ ಜೈ ಎನ್ನುತ್ತೇವೆ. ಆ ಎರಡು ದಿನ ಬಿಟ್ಟು ಉಳಿದ ದಿನಗಳಲ್ಲಿ ಅವರ ಮನೆಯ ಕಡೆ ಯಾರು ನೋಡುತ್ತಾರೆ? ಈ ಪ್ರಶ್ನೆಗೆ ಉತ್ತರ ನಮ್ಮಂಥ ಅಜ್ಜ–ಅಜ್ಜಿಯರ ಕೈಯಲ್ಲಿದೆ ಎನ್ನುವುದೇ ಈ ಲೇಖನದ ಮಾತು.

ಜೊತೆಗಿರಲು ಆಗುವುದಿಲ್ಲವೇ?

ಕೆಲವು ಕಾಲ ಆಗುತ್ತದೆ. ಸೇನೆಯಲ್ಲಿ ‘ಪೀಸ್ ಸ್ಟೇಷನ್’ ಮತ್ತು ‘ಫೀಲ್ಡ್ ಏರಿಯಾ’ ಎಂದು ಎರಡು ಬಗೆಯ ಜಾಗಗಳಿವೆ. ಬೆಂಗಳೂರು, ಬೆಳಗಾವಿಯಂಥ ಶಾಂತ ಊರುಗಳಲ್ಲಿ ಕ್ವಾರ್ಟರ್ಸ್ ಸಿಕ್ಕರೆ ಸೈನಿಕ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಗಡಿಯ ಫೀಲ್ಡ್ ಏರಿಯಾಕ್ಕೆ ವರ್ಗವಾದರೆ ಸಂಸಾರಕ್ಕೆ ಅಲ್ಲಿ ಜಾಗವಿಲ್ಲ. ಕೆಲವು ವರ್ಷ ಅಲ್ಲಿ, ಕೆಲವು ವರ್ಷ ಇಲ್ಲಿ. ಮಗುವಿಗೆ ಊರು, ಗೆಳೆಯರು, ಪಾಠದ ಭಾಷೆ ಎಲ್ಲವೂ ಬದಲು.

ಹೀಗೆ ಊರೂರು ತಿರುಗುವ ಸರ್ಕಾರಿ ನೌಕರರ ಮತ್ತು ಸೈನಿಕರ ಮಕ್ಕಳ ಓದು ಕೆಡಬಾರದೆಂದೇ ಕೇಂದ್ರೀಯ ವಿದ್ಯಾಲಯಗಳು ಹುಟ್ಟಿದ್ದು. 1963ರಲ್ಲಿ ಸೇನೆಯ 20 ರೆಜಿಮೆಂಟಲ್ ಶಾಲೆಗಳನ್ನು ವಹಿಸಿಕೊಂಡು ಆ ಯೋಜನೆ ಶುರುವಾಯಿತು. ದೇಶದಲ್ಲಿ ಎಲ್ಲಿಗೆ ಹೋದರೂ ಒಂದೇ ಪಠ್ಯ. ಪುಸ್ತಕದ ಸಮಸ್ಯೆ ಹಾಗೆ ತೀರಿತು. ಗೆಳೆಯರನ್ನು ಬಿಟ್ಟು ಬರುವ ಸಂಕಟಕ್ಕೆ ಮಾತ್ರ ಯಾವ ಪಠ್ಯದಲ್ಲೂ ಪರಿಹಾರವಿಲ್ಲ.

ನಮ್ಮ ಸೀಮೆಯ ಮಾತು

ನಮ್ಮ ಹರಿಹರದ ಹೊರಗೆ, ಊರಿನಿಂದ ಎರಡು ಮೈಲಿ ದೂರದಲ್ಲಿ, 1865ರವರೆಗೆ ಒಂದು ದಂಡು ಇತ್ತು. ಬ್ರಿಟಿಷರ ಕಾಲದ ದೇಶೀ ಸಿಪಾಯಿಗಳ ಪಡೆ ಅಲ್ಲಿ ಬೀಡುಬಿಟ್ಟಿರುತ್ತಿತ್ತು. ತುಂಗಭದ್ರೆಗೆ ಸೇತುವೆ ಆಗುವ ಹೊತ್ತಿಗೆ ದಂಡು ಎದ್ದು ಹೋಗಿತ್ತು. ಇವತ್ತು ಆ ನೆನಪು ಕೂಡ ಬಹಳ ಜನಕ್ಕಿಲ್ಲ.

ಕೊಡಗಿನಲ್ಲಿ ಸೈನ್ಯ ಎಂದರೆ ಮನೆಮಾತು. ನಿವೃತ್ತ ಸುಬೇದಾರರೋ ಕರ್ನಲ್ಲರೋ ಇಲ್ಲದ ಊರು ಅಲ್ಲಿ ಅಪರೂಪ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಅಂಥ ಕಡೆ ಸೈನಿಕನ ಹೆಂಡತಿಗೆ ಕಷ್ಟ ಹೇಳಿಕೊಳ್ಳಲು ಅದೇ ಕಷ್ಟ ಉಂಡ ಪಕ್ಕದ ಮನೆಯವರಿರುತ್ತಾರೆ. ಭದ್ರಾ ಕಾಲುವೆಯ ಭತ್ತ, ಕಬ್ಬು, ಸಕ್ಕರೆ ಕಾರ್ಖಾನೆ ನೋಡಿಕೊಂಡು ಬದುಕುವ ನಮ್ಮ ಕುಕ್ಕುವಾಡದ ಕಡೆ ಹಾಗಲ್ಲ. ಇಲ್ಲಿ ಸೈನಿಕರ ಮನೆಗಳು ಅಲ್ಲೊಂದು ಇಲ್ಲೊಂದು. ಗಡಿಯಲ್ಲಿ ಗುಂಡಿನ ಸದ್ದು ಎಂದು ಟಿವಿ ಕೂಗುವಾಗ ಊರಿನ ನೂರಾರು ಮನೆಗಳಲ್ಲಿ ಅದು ಬರೀ ಸುದ್ದಿ. ಒಂದು ಮನೆಯಲ್ಲಿ ಮಾತ್ರ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆ ಒಂಟಿತನಕ್ಕೇ ಜೊತೆ ಬೇಕು.

ದೂರದ ದೇಶದ ಒಂದು ಕ್ರಮ

ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ವೃದ್ಧ ದಂಪತಿಗಳು ಅಮೆರಿಕದಲ್ಲಿದ್ದಾರೆ. 1830ರಲ್ಲಿ ಅಲ್ಲಿ ಶುರುವಾದ, ಜನ ಸಾಮಾನ್ಯವಾಗಿ ‘ಮಾರ್ಮನ್’ ಎಂದು ಕರೆಯುವ ಒಂದು ಕ್ರೈಸ್ತ ಸಭೆ ಇದೆ. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಅದರ ಮುಖ್ಯ ಕಚೇರಿ. ಆ ಸಭೆಯ ಹುಡುಗರು ಎರಡು ವರ್ಷ ಮಿಷನರಿಗಳಾಗಿ ಊರೂರು ಸುತ್ತುವುದನ್ನು ನೀವು ಕೇಳಿರಬಹುದು. ನಿವೃತ್ತರಾದ ಗಂಡ ಹೆಂಡತಿಯೂ ಜೋಡಿಯಾಗಿ ಹೀಗೆ ಸೇವೆಗೆ ಹೊರಡುವುದುಂಟು. ಅವರಲ್ಲಿ ಕೆಲವು ಜೋಡಿಗಳಿಗೆ ಸಿಗುವ ಕೆಲಸ ಸೇನಾ ನೆಲೆಗಳ ಹತ್ತಿರ ವಾಸವಿದ್ದು ಸೈನಿಕರನ್ನೂ ಅವರ ಸಂಸಾರಗಳನ್ನೂ ನೋಡಿಕೊಳ್ಳುವುದು.

ಕೆಲಸ ಕೇಳಿದರೆ ಬಹಳ ಸಾದಾ. ಮನೆ ಬಿಟ್ಟು ಬಂದ ಹುಡುಗರನ್ನು ಊಟಕ್ಕೆ ಕರೆಯುವುದು. ಹೊಸದಾಗಿ ವರ್ಗವಾಗಿ ಬಂದ ಸಂಸಾರಕ್ಕೆ ಊರು ಪರಿಚಯ ಮಾಡಿಸುವುದು. ಗಂಡ ದೂರದ ಕರ್ತವ್ಯಕ್ಕೆ ಹೋದಾಗ ಹೆಂಡತಿ ಮಕ್ಕಳನ್ನು ಆಗಾಗ ಹೋಗಿ ವಿಚಾರಿಸುವುದು. ಅವರನ್ನು ಅಲ್ಲಿನ ತಮ್ಮ ಸಭೆಯವರ ಜೊತೆ ಸೇರಿಸುವುದು. ಇದಕ್ಕೆ ಸಂಬಳವಿಲ್ಲ. ಖರ್ಚು ತಮ್ಮದೇ ಕೈಯಿಂದ. ಆರು ತಿಂಗಳು, ಒಂದು ವರ್ಷ, ಒಂದೂವರೆ ವರ್ಷ ಎಂದು ಮೊದಲೇ ಒಪ್ಪಿಕೊಂಡ ಅವಧಿ.

ಅವರ ಸೇವೆ ಅವರ ಮತದ ಕೆಲಸ. ನಮ್ಮ ನಮ್ಮ ದೇವರು ನಮಗಿದ್ದಾರೆ. ಆದರೆ ಆ ಕ್ರಮದಲ್ಲಿ ಮೂರು ಒಳ್ಳೆಯ ಅಂಶಗಳಿವೆ. ಒಂದು, ಹೋಗುವುದು ಜೋಡಿಯಾಗಿ. ಎರಡು, ಅವಧಿ ಗೊತ್ತುಮಾಡಿಕೊಂಡು ಅಷ್ಟು ದಿನ ತಪ್ಪದೆ ಹೋಗುವುದು. ಮೂರು, ಖರ್ಚು ತಮ್ಮದೇ ಆದ್ದರಿಂದ ಯಾರಿಂದಲೂ ಏನನ್ನೂ ಎದುರು ನೋಡದಿರುವುದು.

ನಮ್ಮ ಸೇನೆಯಲ್ಲಿ

ನಮ್ಮ ಭೂಸೇನೆಯಲ್ಲೂ ಮನಸ್ಸಿಗೆ ಸಾಂತ್ವನ ಹೇಳುವ ಹುದ್ದೆಯೊಂದಿದೆ. ಅದರ ಹೆಸರು ‘ಧರ್ಮಗುರು’. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು, ಹೀಗೆ ಆಯಾ ಧರ್ಮದವರನ್ನು ಕಿರಿಯ ಅಧಿಕಾರಿಗಳಾಗಿ, ಅಂದರೆ ಜೆಸಿಒ ದರ್ಜೆಯಲ್ಲಿ, ನೇಮಿಸಿಕೊಳ್ಳುತ್ತಾರೆ. ಪುಣೆಯಲ್ಲಿರುವ ರಾಷ್ಟ್ರೀಯ ಏಕೀಕರಣ ಸಂಸ್ಥೆಯಲ್ಲಿ ಅವರಿಗೆ ತರಬೇತಿ. ಪೂಜೆ, ಪ್ರಾರ್ಥನೆ ಮಾಡಿಸುವುದಷ್ಟೇ ಅವರ ಕೆಲಸವಲ್ಲ. ಆಸ್ಪತ್ರೆಯಲ್ಲಿರುವವರ ಪಕ್ಕ ಕೂರುವುದು, ಅಂತ್ಯಕ್ರಿಯೆ ನಡೆಸುವುದು, ಶಿಕ್ಷೆಗೆ ಒಳಗಾದ ಸೈನಿಕನನ್ನು ಹೋಗಿ ನೋಡುವುದು, ಮಕ್ಕಳಿಗೆ ಬೋಧಿಸುವುದು, ಸೈನಿಕರ ಕುಟುಂಬಗಳ ಯೋಗಕ್ಷೇಮ ವಿಚಾರಿಸುವುದೂ ಅವರ ಕರ್ತವ್ಯಪಟ್ಟಿಯಲ್ಲೇ ಇದೆ. ಅನೇಕ ದಂಡುಗಳಲ್ಲಿ ‘ಸರ್ವಧರ್ಮ ಸ್ಥಳ’ ಎಂಬ ಒಂದೇ ಸೂರಿನಡಿ ಎಲ್ಲ ಧರ್ಮದವರ ಪ್ರಾರ್ಥನೆ ನಡೆಯುತ್ತದೆ.

ಸೈನಿಕರ ಪತ್ನಿಯರೇ ಸೇರಿ ನಡೆಸುವ ಸೇನಾ ಪತ್ನಿಯರ ಕಲ್ಯಾಣ ಸಂಘ 1966ರಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್ ಅವರು 2007ರ ಜುಲೈ 31ರಂದು ಕಾಶ್ಮೀರದ ಉರಿ ವಲಯದಲ್ಲಿ ಉಗ್ರರೊಡನೆ ಹೋರಾಡುತ್ತ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಬಂತು. ಅವರ ಪತ್ನಿ ಸುಭಾಷಿಣಿ ವಸಂತ್ ತಮ್ಮ ದುಃಖದಲ್ಲೇ ಉಳಿಯದೆ ‘ವಸಂತರತ್ನ’ ಪ್ರತಿಷ್ಠಾನ ಕಟ್ಟಿ, ಹುತಾತ್ಮರ ಮನೆಗಳಿಗೆ, ಅಲ್ಲಿನ ಮಕ್ಕಳ ಓದಿಗೆ ಆಸರೆಯಾದರು.

ಇಷ್ಟೆಲ್ಲ ಇದ್ದರೂ ಇವು ಹೆಚ್ಚಾಗಿ ಇರುವುದು ದಂಡು ಇರುವ ಊರುಗಳಲ್ಲಿ, ದೊಡ್ಡ ನಗರಗಳಲ್ಲಿ. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನಪಿಸಿಕೊಳ್ಳಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಅದರಡಿ ಸಿಕ್ಕಿದರು. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕಾಗ ನಾಡೆಲ್ಲ ಕೈಮುಗಿಯಿತು. ಫೆಬ್ರುವರಿ 11ರಂದು ಅವರು ಹೋದಾಗ ನಾಡೆಲ್ಲ ಅತ್ತಿತು. ಇಂಥ ಹೊತ್ತಿನಲ್ಲಿ ಊರಿಗೆ ಮಂತ್ರಿಗಳು ಬರುತ್ತಾರೆ, ಕ್ಯಾಮೆರಾಗಳು ಬರುತ್ತವೆ. ತಿಥಿ ಮುಗಿದ ಮೇಲೆ ಎಲ್ಲರೂ ಹೊರಡುತ್ತಾರೆ. ಆ ಮನೆಯ ನಿಜವಾದ ಕಷ್ಟ ಶುರುವಾಗುವುದು ಆಮೇಲೆ. ಆಗ ಉಳಿಯುವವರು ಊರಿನವರು ಮಾತ್ರ.

ಜೋಡಿ ಏಕೆ ಬೇಕು?

ಹಳ್ಳಿಯಲ್ಲಿ ಒಬ್ಬನೇ ಗಂಡಸು, ಎಷ್ಟೇ ವಯಸ್ಸಾಗಿರಲಿ, ಗಂಡ ಊರಲ್ಲಿಲ್ಲದ ಮನೆಗೆ ಪದೇ ಪದೇ ಹೋದರೆ ನಾಲ್ಕು ಜನ ನಾಲ್ಕು ಮಾತು ಆಡುತ್ತಾರೆ. ಅಜ್ಜಿ ಜೊತೆಗಿದ್ದರೆ ಬಾಗಿಲು ತಾನೇ ತೆರೆಯುತ್ತದೆ. ಅಜ್ಜಿ ಒಳಗೆ ಹೋಗಿ “ಏನವ್ವಾ, ಊಟ ಆತಾ?” ಎಂದು ಕೇಳುವಷ್ಟರಲ್ಲಿ ಅಜ್ಜ ಜಗುಲಿಯ ಮೇಲೆ ಹುಡುಗನ ಗಣಿತದ ಪುಸ್ತಕ ಬಿಡಿಸಿರುತ್ತಾನೆ. ಹೆಣ್ಣುಮಗಳು ಅಜ್ಜಿಗೆ ಹೇಳುವ ಮಾತೇ ಬೇರೆ. ಹುಡುಗ ಅಜ್ಜನಿಗೆ ಹೇಳುವ ಮಾತೇ ಬೇರೆ.

ಕಾಗದಪತ್ರದ ಕೆಲಸವಂತೂ ಕೈತುಂಬ ಇದೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತವರಿಗೆಲ್ಲ ಇದು ಗೊತ್ತು: ಪಿಂಚಣಿ ಬಹಳ ಸಲ ನಿಲ್ಲುವುದು ಹಣವಿಲ್ಲದೆ ಅಲ್ಲ, ಹೆಸರು ಹೊಂದದೆ. ಸೇನೆಯ ದಾಖಲೆಯಲ್ಲಿ ಹೆಂಡತಿ ‘ಗಂಗಮ್ಮ’, ಆಧಾರ್‌ನಲ್ಲಿ ‘ಗಂಗವ್ವ’. ಎರಡೂ ಒಬ್ಬಳೇ ಎಂದು ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಸೈನಿಕ ಸೇವೆಯಲ್ಲಿರುವಾಗಲೇ ಹೆಂಡತಿ ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿಸಿ, ತಪ್ಪಿದ್ದರೆ ಅವನ ಘಟಕದ ಮೂಲಕ ತಿದ್ದಿಸಿಕೊಳ್ಳಲು ಹೇಳಿ. ರಜೆಗೆ ಬಂದಾಗ ಅರ್ಧ ಗಂಟೆಯ ಕೆಲಸ ಇದು. ಮುಂದೆ ವರ್ಷಗಟ್ಟಲೆ ಅಲೆದಾಟ ತಪ್ಪುತ್ತದೆ.

ನಿವೃತ್ತ ಸೈನಿಕರು ಮತ್ತು ಕುಟುಂಬ ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆಂದು ಜೀವನ ಪ್ರಮಾಣಪತ್ರ ಕೊಡಬೇಕು. 2014ರಿಂದ ಬೆರಳಚ್ಚು ಕೊಟ್ಟು, 2021ರಿಂದ ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು. ಮಕ್ಕಳೇ, ಇಲ್ಲಿ ನಿಮ್ಮ ಕೆಲಸ ಬಂತು. ಮೊಬೈಲ್ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಯಾರೋ ಫೋನ್ ಮಾಡಿ “ಪಿಂಚಣಿ ಕಚೇರಿಯಿಂದ” ಎಂದು ಒಟಿಪಿ ಕೇಳಿದರೆ ಕೊಡಬೇಡಿ, ಕೊಡಲೂ ಬಿಡಬೇಡಿ. ಮಾಜಿ ಸೈನಿಕರ ಚಿಕಿತ್ಸೆಗೆ 2003ರಿಂದ ಇಸಿಎಚ್‌ಎಸ್ ಯೋಜನೆ ಇದೆ. ಮಕ್ಕಳ ವಿದ್ಯಾರ್ಥಿವೇತನ, ಇತರ ನೆರವಿನ ವಿಚಾರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅಲ್ಲಿಗೆ ಅವರ ಜೊತೆ ಒಮ್ಮೆ ಬಸ್ಸು ಹತ್ತಿ ಹೋಗಿ ಬರುವುದು ದೊಡ್ಡ ಸೇವೆಯೇ.

ಮಾಡಬಾರದ್ದು

ಸೈನಿಕ ಈಗ ಯಾವ ಜಾಗದಲ್ಲಿದ್ದಾನೆ ಎಂದು ಕೇಳಬಾರದು. ಗೊತ್ತಾದರೂ ವಾಟ್ಸ್‌ಆ್ಯಪ್‌ನಲ್ಲಿ ಹಾಕಬಾರದು. ಗಡಿಯಲ್ಲಿ ಗಲಾಟೆ ಎಂದು ಟಿವಿಯಲ್ಲಿ ಬಂದ ಕೂಡಲೇ ಓಡಿಹೋಗಿ “ನಿಮ್ಮವರ ಫೋನ್ ಬಂತಾ?” ಎಂದು ಕೇಳಬಾರದು. ಬಂದಿರದಿದ್ದರೆ ಆ ಪ್ರಶ್ನೆ ಚೂರಿಯ ಹಾಗೆ. ಅಂಥ ದಿನ ನಾಲ್ಕು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ ಸುಮ್ಮನೆ ಕೂತರೆ ಸಾಕು. ಮತ್ತೆ, ಒಬ್ಬರ ಪಾಸ್‌ಬುಕ್ಕಿನ ವಿಷಯ ಇನ್ನೊಬ್ಬರ ಮುಂದೆ ಆಡಬಾರದು ಎನ್ನುವ ಬ್ಯಾಂಕಿನ ನಿಯಮ ಇಲ್ಲಿಗೂ ಸರಿ. ಆ ಮನೆಯಲ್ಲಿ ಕೇಳಿದ್ದು ಆ ಮನೆಯಲ್ಲೇ ಇರಲಿ. “ಪಾಪ” ಎನ್ನುವ ಮಾತೂ ಬೇಡ. ಅವರು ದಯೆ ಬೇಡುವ ಜನರಲ್ಲ, ಮರ್ಯಾದೆಯ ಜನ.

ಮಕ್ಕಳಿಗೊಂದು ಕೆಲಸ

ಸೈನಿಕರ ವಿಳಾಸ ನೋಡಿದ್ದೀರಾ? ಅದರಲ್ಲಿ ಊರು, ಜಿಲ್ಲೆ ಇರುವುದಿಲ್ಲ. ಹೆಸರು, ಸಂಖ್ಯೆ, ಘಟಕ, ಕೊನೆಗೆ ‘56 ಎಪಿಒ’ ಅಥವಾ ‘99 ಎಪಿಒ’. ಎಪಿಒ ಎಂದರೆ ಸೇನಾ ಅಂಚೆ ಕಚೇರಿ. 56ರ ಕೇಂದ್ರ ದೆಹಲಿಯಲ್ಲಿ, 99ರ ಕೇಂದ್ರ ಕೋಲ್ಕತ್ತಾದಲ್ಲಿ. ಅಲ್ಲಿಂದ ಸೇನೆಯ ಅಂಚೆಯವರೇ ಕಾಗದವನ್ನು ಹಿಮದ ಬೆಟ್ಟಕ್ಕೋ ಮರುಭೂಮಿಗೋ ಒಯ್ಯುತ್ತಾರೆ. ಸೈನಿಕ ಎಲ್ಲಿದ್ದಾನೆ ಎಂದು ಹೊರಗಿನವರಿಗೆ ತಿಳಿಯದೆ, ಕಾಗದ ಮಾತ್ರ ಅವನ ಕೈ ಸೇರುತ್ತದೆ.

ನಿಮ್ಮ ತರಗತಿಯಲ್ಲಿ ಸೈನಿಕರ ಮಗನೋ ಮಗಳೋ ಇದ್ದರೆ, ಅವರ ಅಮ್ಮನ ಒಪ್ಪಿಗೆ ಪಡೆದು, ಅವರ ಅಪ್ಪನಿಗೆ ಒಂದು ಕಾಗದ ಬರೆಯಿರಿ. ಊರಲ್ಲಿ ಮಳೆ ಆಯಿತು, ಕಾಲುವೆಗೆ ನೀರು ಬಿಟ್ಟರು, ನಿಮ್ಮ ಮಗ ಕಬಡ್ಡಿಯಲ್ಲಿ ಇಬ್ಬರನ್ನು ಔಟ್ ಮಾಡಿದ, ಇಷ್ಟು ಬರೆದರೆ ಬೇಕಾದಷ್ಟಾಯಿತು. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದಿದೆ. ಅಂದು ಶಾಲೆಯಲ್ಲಿ ಕೊಡುವ ಪುಟ್ಟ ಧ್ವಜಕ್ಕೆ ನೀವು ಹಾಕುವ ಹಣ ಸೈನಿಕರ ಕುಟುಂಬಗಳ ನಿಧಿಗೆ ಹೋಗುತ್ತದೆ. ಹತ್ತು ರೂಪಾಯಿಯಾದರೂ ಹಾಕಿ.

ಹಿರಿಯರೇ, ನಮಗೆ ಪಿಂಚಣಿ ಇದೆ, ಬೆಳಗಿನಿಂದ ಸಂಜೆವರೆಗೆ ಹೊತ್ತು ಇದೆ, ಇನ್ನೂ ಕೈಕಾಲು ಆಡುತ್ತಿವೆ. ದೂರದ ದೇಶಕ್ಕೆ ಹೋಗಬೇಕಿಲ್ಲ. ನಿಮ್ಮ ಊರಿನಲ್ಲಿ ಸೈನಿಕರ ಮನೆ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ವಾರಕ್ಕೊಂದು ದಿನ, ಒಂದು ವರ್ಷ ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಳ್ಳಿ. ಮನೆಯವರನ್ನೂ ಕರೆದುಕೊಂಡು ಹೊರಡಿ. ವರ್ಷಕ್ಕೆ 52 ವಾರ. 275 ದಿನಗಳ ಲೆಕ್ಕದಲ್ಲಿ ಅಷ್ಟಾದರೂ ಕಡಿಮೆಯಾಗಲಿ.